ಗುಣ್ಯಾಕ್ಕ ಸಿಗದ ಗಿಡ

ಮೂವತ್ತೊಂದು ವರ್ಷ ಶಹಾಬಾದಿನ ಖಣಿಯೊಳಗ
ಫರ್ಸಿ ಕೊಯ್ದೀನಿ.
ಎರಡು ಫೂಟಿಗೆ ಎರಡು, ಎರಡಕ್ಕ ಮೂರು.
ಅಂಚಿಗೆ ಗುಣ್ಯಾ ಹಚ್ಚಿ, ಒಂದು ಕಣ್ಣು ಮುಚ್ಚಿ ನೋಡಿದರ
ಕೂದಲೆಳಿ ಬೆಳಕು ಸುದ್ದಾ ತೂರಬಾರದು.
ಅಂಥ ಕೈಗೆ ಬಂತು ಈ ಗಿಡ.

ಕೊಟ್ಟಾಕಿ ನರ್ಸ್ ಶಮ್‌ಶಾದಬೀ.
ಹಸಿ ಅರಿವ್ಯಾಗ ಸುತ್ತಿದ ಗೇಣುದ್ದ ದಂಟು.
"ನಿಲ್ಲಿಸಬ್ಯಾಡ್ರಿ ಕಾಕಾ, ಮಲಗಿಸ್ರಿ.
ಗೆಣ್ಣು ಗೆಣ್ಣಿಗೆ ಒಂದೊಂದು ಮರಿ ಏಳ್ತದ."
ಒಡಕು ಫರ್ಸಿ ನಾಲ್ಕು ನಿಲ್ಲಿಸಿ ತೊಟ್ಟಿ ಕಟ್ಟಿದೆ,
ಕಾಗಿಣಾ ಉಸುಕು, ಎಮ್ಮಿ ಗೊಬ್ಬರ,
ಮ್ಯಾಲ ಬೆರಳು ದಪ್ಪ ಮಣ್ಣಿನ ಚಾದರ.
ಹದಿನೆಂಟನೇ ದಿನಕ್ಕ ಮಣ್ಣು ಬಿರೀತು.
ಮೂರು ಕೆಂಪು ಮೂಗು.

ಎಲಿ ಎದುರುಬದರು ಬರಲಿಲ್ಲ.
ಒಂದು ಬಂತು. ಅದರ ಹೆಗಲಮ್ಯಾಲ, ಚೂರು ಬಾಜೂಕ, ಇನ್ನೊಂದು.
ಅದಕ್ಕಿಂತ ಇಷ್ಟು ಸರದು ಮತ್ತೊಂದು.
ಮಿನಾರಿನ ಒಳಗಿನ ಪಾವಟಿಗಿ ಹತ್ತಿದಂಗ
ಮೈ ತಿರುವಿಕೋತ ಮ್ಯಾಲ ಹೋತು ದಂಟು.
ಒಂದು ರಾತ್ರಿ, ಮನಿ ಮಂದಿ ಮಲಗಿದ ಮ್ಯಾಲ,
ಟ್ರಂಕಿನಿಂದ ಹಳೀ ಗುಣ್ಯಾ ತೆಗೆದು ಹಚ್ಚಲಿಕ್ಕೆ ಹೋದೆ.
ಎಲ್ಲಿ ಹಚ್ಚಲಿ?

ಬ್ಯಾಸಗಿಗಿ ಎಲಿ ಸುತ್ತಿಕೊಂಡು ಬೀಡಿ ಆದವು.
ಬೋರಿನ ನೀರು ಹಾಕಿದರ ತುದಿ ಸುಡ್ತದ.
ಆ ನೀರೊಳಗೂ ನಮ್ಮ ಕಲ್ಲೇ ಅದ, ತಂಬಿಗಿ ತಳಕ್ಕ ಬೆಳ್ಳಗ ಕೂಡ್ತದ,
ನನ್ನ ಎದಿಯೊಳಗ ಕೂತಂಗ.
ಐದು ರೂಪಾಯಿ ನಾಣ್ಯ ಹಾಕಿ ಫಿಲ್ಟರ್ ನೀರು ಹಿಡದು
ಸೈಕಲ್ ಮ್ಯಾಲ ತಂದೆ. ಗಿಡಕ್ಕ. ನಾನು ಬೋರಿಂದೇ ಕುಡದೆ.
ನಡುಮಧ್ಯಾಹ್ನ ಕೂಲರಿನ ಮಾರಿ ಹೊರಗ ಹೊರಳಿಸಿದೆ,
ಗುರುಬಸಮ್ಮ ಎರಡು ದಿನ ಮಾತು ಬಿಟ್ಟಳು.

ಆಮ್ಯಾಲ ಓಣಿಗೆ ಸುದ್ದಿ: ಸಕ್ರಿ ಬ್ಯಾನಿಗಿ ಈ ಎಲಿ ಛಲೋ.
ಚಹಾಕ್ಕಿಂತ ಮೊದಲ ಗೇಟು ಕಿರ್ ಅಂತದ.
ಕಂಡಕ್ಟರ್ ಹಣಮಂತರಾಯಗ ಎರಡು,
ದುಂಡಮ್ಮಗ ಒಂದು, ಆಕಿ ಬೀಗತಿಗೆ ಒಂದು.
ಹುಳ್ಳಗ ಅದ ಅಂತ ಮಾರಿ ಕಿವುಚಿಕೋತ ಜಗೀತಾರ,
ಜಗದು, ಹೋಟೆಲಿಗೆ ಹೋಗಿ ಜಿಲೇಬಿ ತಿಂತಾರ.
"ಗುಳಿಗಿ ಬಿಟ್ಟೀರಿ, ಹುಷಾರ್!" ಅಂತ ಶಮ್‌ಶಾದಬೀ ಬೈದಳು.
ಯಾರು ಕೇಳ್ತಾರ.
ಪಾವಟಿಗಿ ಎಲ್ಲ ಕಿತ್ತು ಹೋಗಿ
ಬರೇ ಕಂಬ ಉಳೀತು.

ಥಂಡಿಯೊಳಗ ಅದೂ ಒಣಗಿ ಬಿತ್ತು.
"ಸತ್ತದ ಬಿಡ್ರಿ, ಕೊತ್ತಂಬರಿ ಹಾಕ್ರಿ."
ನೀರು ನಿಲ್ಲಿಸಿದೆ. ಮಣ್ಣು ಕೆದರಲಿಲ್ಲ.
ಖಣಿ ಬಂದ್ ಆದ ವರ್ಷ ನಾನೂ ಹೀಂಗೇ ಬಿದ್ದಿದ್ದೆ,
ಗ್ವಾಡಿ ಕಡೆ ಮಾರಿ ಮಾಡಿ.
ಯಾರರೆ ಕೆದರಿದ್ದರ
ಏನು ಸಿಗ್ತಿತ್ತೋ ಏನೋ.

ಮಿರಗ ಎರಡು ಸಲ ಹೊಡದು ಹೋದ ಮ್ಯಾಲ
ತೊಟ್ಟಿ ತುಂಬ ಮತ್ತ ಮೂಗು. ಮತ್ತ ಗೇಟು ಕಿರ್.
ಒಂದು ಮಾತ್ರ ಫರ್ಸಿ ಸಂದಿಯಿಂದ ನುಸುಳಿ
(ಬೆಳಕು ತೂರಬಾರದು ಅಂತಿದ್ದೆನಲ್ಲ, ಅದೇ ಸಂದಿ)
ನೀರಿನ ಟಾಕಿ ಹಿಂದ ಎದ್ದಿತ್ತು.
ಯಾರ ಕೈಗೂ ಸಿಗದ್ದು. ನನ್ನ ಕಣ್ಣಿಗೂ.

ಇಂದು ತಾಡಪತ್ರಿ ತೆಗೀಲಿಕ್ಕೆ ಹೋದಾಗ ನೋಡಿದೆ:
ಸುತ್ತು ಹತ್ತಿ ಹತ್ತಿ, ಕಡೀ ಪಾವಟಿಗಿ ಮ್ಯಾಲ,
ಇಸ್ತ್ರಿ ಇಲ್ಲದ ಕೇಸರಿ ಹೂವು.
ಅಂಚು ಸುಕ್ಕು, ಒಂದು ಕಡೆ ಹರದಂಗ.
ನಮ್ಮ ಮುಕಾದಮ ಇದ್ದಿದ್ದರ
ಕಾಲಿಲೆ ಒದ್ದು ರದ್ದಿಗೆ ಹಾಕ್ತಿದ್ದ ಇಂಥ ಅಂಚು.

ಗುರುಬಸಮ್ಮನ್ನ ಕರದೆ.
ಸೆರಗಿಲೆ ಕೈ ಒರಸಿಕೋತ ಬಂದು ನೋಡಿದಳು, ಭಾಳ ಹೊತ್ತು.
"ಕೂಲರ್ ಇತ್ತ ಹೊರಳಿಸಲ್ಲೇನು?" ಅಂದಳು.

ಸಂಜಿಗೆ ಹೂವು ಕಳಚಿ ಬಿತ್ತು.
ಅದರ ಬುಡಕ್ಕ ನಾಳಿದು ಹಸರಗ ಕಾಯ್ತಾ ಅದ.
ಮುಂಜಾನೆ ದುಂಡಮ್ಮ ಕೇಳಿದಳು: "ಟಾಕಿ ಹಿಂದ ಏನರೆ ಎಲಿ ಅವ?"
"ಅತ್ತ ಹೋಗಬ್ಯಾಡವ್ವ," ಅಂದೆ,
"ಚೇಳು ಅವ."